ಖಾಲಿ ಬೆಲ್ಟು ಹಿಡಿದು ಕೇಳುವ ಪ್ರಶ್ನೆ

ನಾಯಿಯನ್ನು ಕಳೆದುಕೊಂಡವರು ಈ ಪ್ರಶ್ನೆಯನ್ನು ಕುರ್ಚಿಯಲ್ಲಿ ಕೂತು ಕೇಳುವುದಿಲ್ಲ. ಎಲ್ಲ ಮುಗಿದ ಮೇಲೆ, ಹೊರಡುವಾಗ, ಬಾಗಿಲಲ್ಲಿ ನಿಂತು ಕೇಳುತ್ತಾರೆ. ಕೈಯಲ್ಲಿ ಖಾಲಿ ಬೆಲ್ಟು, ಚೈನು ಇರುತ್ತದೆ. "ಡಾಕ್ಟ್ರ, ಇನ್ನೊಂದ ಮರಿ ತರೂದಾದ್ರ ಯಾವಾಗ ತರಬೇಕ್ರಿ?"

ಧಾರವಾಡದಲ್ಲಿ ಇಪ್ಪತ್ತು ವರ್ಷದಿಂದ ನಾಯಿ, ಬೆಕ್ಕು, ದನ ನೋಡುತ್ತಿದ್ದೇನೆ. ಮೊದಮೊದಲು "ಮೂರು ತಿಂಗಳು ಬಿಡ್ರಿ" ಎನ್ನುತ್ತಿದ್ದೆ. ಹಿರಿಯ ಡಾಕ್ಟರೊಬ್ಬರು ಹಾಗೆ ಹೇಳುವುದನ್ನು ಕೇಳಿದ್ದೆ, ನಾನೂ ಹೇಳಿದೆ. ಈಗ ಹೇಳುವುದಿಲ್ಲ. ಈಗ ಮೊದಲು ನಾನೇ ಕೇಳುತ್ತೇನೆ: ಹೋದ ನಾಯಿ ಯಾವ ಕಾಯಿಲೆಯಿಂದ ಹೋಯಿತು?

ಕೆಲವು ರೋಗಗಳು ನಾಯಿ ಹೋದ ಮೇಲೂ ಮನೆಯಲ್ಲಿ ಉಳಿಯುತ್ತವೆ. ಅದರಲ್ಲಿ ನನಗೆ ಹೆಚ್ಚು ಭಯ ಪಾರ್ವೊದ್ದು. ಮರಿಗೆ ವಾಂತಿ, ರಕ್ತಭೇದಿ, ಎರಡು ಮೂರು ದಿನದಲ್ಲಿ ಕಥೆ ಮುಗಿದಿರುತ್ತದೆ. ನವನಗರದ ಒಂದು ಮನೆಯವರು ಹಾಗೆ ಒಂದು ಮರಿ ಕಳೆದುಕೊಂಡರು. ಮಗಳು ಊಟ ಬಿಟ್ಟಳು ಅಂತ ಹದಿನೈದೇ ದಿನಕ್ಕೆ ಇನ್ನೊಂದು ತಂದರು. ಅದೇ ಮೂಲೆಯಲ್ಲಿ, ಅದೇ ಗೋಣಿಚೀಲದ ಮೇಲೆ ಮಲಗಿಸಿದರು. ಅದೂ ಹೋಯಿತು. ಆ ಹುಡುಗಿಯ ಮುಖ ನನಗೆ ಇನ್ನೂ ಮರೆತಿಲ್ಲ.

ಪಾರ್ವೊ ವೈರಸ್ ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ಒಂದು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಫಿನಾಯಿಲ್ ಹಾಕಿ ಒರೆಸಿದೆವಲ್ಲ ಎನ್ನುತ್ತಾರೆ. ಫಿನಾಯಿಲಿಗೆ ಅದು ಬಗ್ಗುವುದಿಲ್ಲ. ಬ್ಲೀಚ್ ಬೇಕು. ಮೊದಲು ಸೋಪಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ. ಆಮೇಲೆ 30 ಪಾಲು ನೀರಿಗೆ 1 ಪಾಲು ಬ್ಲೀಚ್ ದ್ರಾವಣ ಬೆರೆಸಿ ನೆಲಕ್ಕೆ ಹಾಕಿ, ಕನಿಷ್ಠ 10 ನಿಮಿಷ ಹಾಗೇ ಬಿಡಿ. ಗೋಣಿಚೀಲ, ಹಳೆ ಚಾದರ ಸುಟ್ಟುಬಿಡಿ. ಹಿತ್ತಲ ಮಣ್ಣಿಗೆ ಇದ್ಯಾವುದೂ ನಡೆಯುವುದಿಲ್ಲ, ಬಿಸಿಲು ಬೀಳುವಂತೆ ತೆರೆದಿಡಬಹುದು ಅಷ್ಟೇ. ಅಂಥ ಮನೆಗೆ ಲಸಿಕೆ ಪೂರ್ತಿಯಾಗದ ಮರಿ ಬರಲೇಬಾರದು. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತ 16 ವಾರ ದಾಟಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೊದಲ ಡೋಸುಗಳ ಕೆಲಸಕ್ಕೆ ಅಡ್ಡ ಬರುತ್ತದೆ, ಅದಕ್ಕೇ ಇಷ್ಟು ಸಲ. ಒಂದು ಇಂಜೆಕ್ಷನ್ ಆಯ್ತು ಅಂದರೆ ಆಯ್ತು ಅಂತ ಅಲ್ಲ. ಅಷ್ಟು ಕಾಯುವುದು ಆಗದಿದ್ದರೆ, ಲಸಿಕೆ ಆಗಿರುವ ದೊಡ್ಡ ನಾಯಿಯನ್ನೇ ತನ್ನಿ.

ಉಣ್ಣಿ ಜ್ವರದಿಂದ ಹೋಗಿದ್ದರೆ ಗೋಡೆಯ ಬಿರುಕು ನೋಡಿ. ನಾಯಿ ಉಣ್ಣಿ ಅಲ್ಲೇ ಮೊಟ್ಟೆ ಇಡುತ್ತದೆ, ಹೊಟ್ಟೆಗಿಲ್ಲದೆ ತಿಂಗಳುಗಟ್ಟಲೆ ಕಾಯುತ್ತದೆ. ಬಿರುಕಿಗೆ ಔಷಧ ಹೊಡೆಸಿ, ಸಿಮೆಂಟ್ ತುಂಬಿಸಿ, ಆಮೇಲೆ ಮರಿಯ ವಿಚಾರ. ಡಿಸ್ಟೆಂಪರ್ ಎಂಬ ಇನ್ನೊಂದು ನಾಯಿ ರೋಗದ ವೈರಸ್ ನಮ್ಮ ಬಿಸಿಲಿಗೆ ಹೊರಗೆ ಬಹಳ ದಿನ ಬಾಳುವುದಿಲ್ಲ. ಇನ್ನು ರೇಬಿಸ್ ಅನುಮಾನ ಇದ್ದರೆ ಮರಿಯ ಮಾತೇ ಬೇಡ. ಮನೆಯಲ್ಲಿ ಕಚ್ಚಿಸಿಕೊಂಡವರು, ಪರಚಿಸಿಕೊಂಡವರು, ಗಾಯಕ್ಕೆ ಜೊಲ್ಲು ತಾಗಿದವರು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಮನೆಯಲ್ಲಿ ಇನ್ನೊಂದು ನಾಯಿ ಉಳಿದಿದ್ದರೆ, ಅದರ ಜೊತೆಗೆ ಅಂತ ಬೇಗ ತರುವವರಿದ್ದಾರೆ. ಅದಕ್ಕೂ ದುಃಖ ಆಗುತ್ತದೆ, ಸುಳ್ಳಲ್ಲ. 2022ರಲ್ಲಿ ಇಟಲಿಯ ಸಂಶೋಧಕರು ಒಂದು ನಾಯಿ ಕಳೆದುಕೊಂಡು ಇನ್ನೊಂದು ಉಳಿದಿದ್ದ 426 ಜನರನ್ನು ಕೇಳಿದರು. ಉಳಿದ ನಾಯಿಯ ನಡವಳಿಕೆ ಬದಲಾಯಿತು ಅಂದವರು ನೂರಕ್ಕೆ 86. ಆಟ ಕಡಿಮೆ, ಊಟ ಕಡಿಮೆ, ಯಜಮಾನನ ಹಿಂದೆ ಹಿಂದೆ ಸುತ್ತುವುದು ಜಾಸ್ತಿ. ಹಾಗಂತ ಎರಡು ತಿಂಗಳ ಮರಿ ಅದಕ್ಕೆ ಔಷಧ ಅಲ್ಲ. ಮುದಿ ನಾಯಿಯ ಕಿವಿ ಜಗ್ಗುವ ಮರಿ ಅದಕ್ಕೆ ಕಾಟವೂ ಆಗಬಹುದು. ಉಳಿದ ನಾಯಿಯನ್ನು ದಿನದ ಹೊತ್ತಿಗೆ ಸರಿಯಾಗಿ ತಿರುಗಾಡಿಸಿ, ಊಟದ ಹೊತ್ತು ತಪ್ಪಿಸಬೇಡಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ದುಃಖ ಅಂತ ಸುಮ್ನೆ ಕೂಡಬೇಡಿ, ಕರೆದುಕೊಂಡು ಬನ್ನಿ. ಅದಕ್ಕೂ ಅದೇ ರೋಗ ತಗುಲಿರಬಹುದು.

ಇನ್ನು ನಮ್ಮ ವಿಚಾರ. ತರಲು ಹಿಂಜರಿಯುವವರಲ್ಲಿ ಬಹಳ ಮಂದಿಯನ್ನು ಹಿಡಿದು ನಿಲ್ಲಿಸಿರುವುದು ದುಃಖಕ್ಕಿಂತ ತಪ್ಪಿತಸ್ಥ ಭಾವನೆ. "ಒಂದ ದಿನಾ ಮೊದಲ ಕರಕೊಂಡ ಬಂದಿದ್ರ ಉಳೀತಿತ್ತೇನ್ರಿ?" ಕೊನೆಯ ಇಂಜೆಕ್ಷನ್ ಕೊಡಿಸಿದವರಂತೂ "ನಾನs ಕೊಂದೆ" ಎನ್ನುತ್ತಾರೆ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ಹೊಸ ಮರಿ ತಂದವರನ್ನು ನೋಡಿದ್ದೇನೆ. ಮರಿ ಸೀನಿದರೆ ಓಡಿ ಬರುತ್ತಾರೆ. ವಾರಕ್ಕೆ ಎರಡು ಸಲ ರಕ್ತ ತಪಾಸಣೆ ಮಾಡಿ ಎನ್ನುತ್ತಾರೆ. ಮರಿಗೂ ನೆಮ್ಮದಿಯಿಲ್ಲ, ಅವರಿಗೂ ಇಲ್ಲ. ದಯವಿಟ್ಟು ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ ಆ ಪ್ರಶ್ನೆ ನೇರವಾಗಿ ಕೇಳಿ. ಮೂತ್ರಪಿಂಡ ಪೂರ್ತಿ ಹಾಳಾಗಿದ್ದ ಮುದಿ ನಾಯಿ ಒಂದು ದಿನ ಮೊದಲು ಬಂದಿದ್ದರೂ ಉಳಿಯುತ್ತಿರಲಿಲ್ಲ. ಅದನ್ನು ಹೇಳುವುದೂ ನಮ್ಮ ಕೆಲಸವೇ. ನಿಜಕ್ಕೂ ತಡವಾಗಿದ್ದರೆ ಅದನ್ನೂ ಹೇಳುತ್ತೇವೆ, ಮುಂದಿನ ನಾಯಿಗೆ ಅದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ನೆನಪಲ್ಲಿ ಇರುವುದು ಹನ್ನೆರಡು ವರ್ಷದ ನಾಯಿ. ಕರೆದರೆ ಬರುತ್ತಿತ್ತು, ಗೇಟು ತೆರೆದಿದ್ದರೂ ಹೊರಗೆ ಹೋಗುತ್ತಿರಲಿಲ್ಲ. ಬರುವುದು ಎರಡು ತಿಂಗಳ ಮರಿ. ಚಪ್ಪಲಿ ಕಡಿಯುತ್ತದೆ, ಪಡಸಾಲೆಯಲ್ಲಿ ಉಚ್ಚೆ ಹೊಯ್ಯುತ್ತದೆ, ರಾತ್ರಿಯಿಡೀ ಕುಂಯ್ ಅನ್ನುತ್ತದೆ. ಹಳೆಯದೂ ಹೀಗೇ ಇತ್ತು, ನಾವು ಮರೆತಿರುತ್ತೇವೆ. "ನಮ್ಮ ಮೋತಿ ಹಿಂಗ ಇರಲಿಲ್ಲ" ಎಂಬ ಮಾತು ದಿನಕ್ಕೆ ಹತ್ತು ಸಲ ಬಾಯಿಗೆ ಬರುವಂತಿದ್ದರೆ ಇನ್ನಷ್ಟು ದಿನ ಕಾಯಿರಿ.

ಅದೇ ಕಾರಣಕ್ಕೆ, ಹೊಸ ಮರಿಗೆ ಹಳೆ ಹೆಸರು ಇಡಬೇಡಿ ಅಂತಲೂ ಹೇಳುತ್ತಿದ್ದೆ. ಅಣ್ಣಿಗೇರಿ ಕಡೆಯ ರೈತರೊಬ್ಬರು ಅದನ್ನು ಬಿಡಿಸಿದರು. ಹೊಲ ಕಾಯುವ ನಾಯಿ ಹಾವು ಕಚ್ಚಿ ಸತ್ತು ಮೂರೇ ದಿನ ಆಗಿತ್ತು. ಬುಟ್ಟಿಯಲ್ಲಿ ಮರಿ ಇಟ್ಟುಕೊಂಡು ಲಸಿಕೆಗೆ ಬಂದರು. ಹೆಸರು ಕೇಳಿದೆ. "ಕಾಳ್ಯಾ ಅಂತ್ರಿ. ಇದು ನಾಕನೇ ಕಾಳ್ಯಾ." ಕಡಲೆ ಹೊಲಕ್ಕೆ ಹಂದಿ ಬರುವ ಕಾಲ, ಕಾಯಲು ಯಾರಾದರೂ ಬೇಕಲ್ಲ. ಹಿಂದಿನ ಮೂರನ್ನೂ ಬದುವಿನ ಬೇವಿನ ಮರದ ಕೆಳಗೇ ಹುಗಿದಿದ್ದಾರೆ, ಅಮಾವಾಸ್ಯೆಗೆ ಅಲ್ಲಿ ಒಂದು ರೊಟ್ಟಿ ಇಟ್ಟು ಬರುತ್ತಾರೆ. ಇವರಿಗೆ ಮೂರು ತಿಂಗಳು ಕಾಯಿರಿ ಅಂತ ನಾನು ಹೇಳುವುದೇ? ಅವರ ದುಃಖ ಯಾರದ್ದಕ್ಕೂ ಕಡಿಮೆ ಇರಲಿಲ್ಲ.

ಆದರೆ ಒಬ್ಬರ ಪರವಾಗಿ ಇನ್ನೊಬ್ಬರು ನಿರ್ಧರಿಸುವುದು ಬೇಡ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮಾಳಮಡ್ಡಿಯ ಅಜ್ಜ ಅಜ್ಜಿಯ ನಾಯಿ ಹೋದ ವಾರಕ್ಕೇ ಬೆಂಗಳೂರಿನ ಮಗ ಹೇಳದೆ ಕೇಳದೆ ಲ್ಯಾಬ್ರಡಾರ್ ಮರಿ ತಂದುಕೊಟ್ಟ. ಪ್ರೀತಿಯಿಂದಲೇ ತಂದದ್ದು. ಅಜ್ಜಿ ಅದರ ಮುಖ ನೋಡಲಿಲ್ಲ. ಆರು ತಿಂಗಳಿಗೆ ಅದು ಅಜ್ಜನನ್ನು ಎಳೆದು ಬೀಳಿಸಿ ಮುಂಗೈ ಮುರಿಯಿತು. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಅಜ್ಜನಿಗೆ ಆಗಲೇ 76. ಕೊನೆಗೆ ಮಗನೇ ಬಂದು ಅದನ್ನು ಬೆಂಗಳೂರಿಗೆ ಒಯ್ದ.

ಒಂದು ವರ್ಷದ ಮೇಲೆ ಅಜ್ಜಿ ತಾನಾಗಿ ಫೋನ್ ಮಾಡಿದರು. ಪಕ್ಕದ ಓಣಿಯವರಿಗೆ ವರ್ಗ ಆಗಿತ್ತು, ಅವರ ಆರು ವರ್ಷದ ನಾಯಿಗೆ ಮನೆ ಬೇಕಿತ್ತು. ಊರ ತಳಿಯ ಸಣ್ಣ ಹೆಣ್ಣು ನಾಯಿ, ಸಂತಾನಹರಣ ಆಗಿದೆ, ಲಸಿಕೆ ಎಲ್ಲ ಸರಿಯಿದೆ. ಒಂದು ವಾರ ಇಟ್ಟುಕೊಂಡು ನೋಡಿ ಎಂದೆ. ಎಂಟನೇ ದಿನ ಇಬ್ಬರೂ ಅದನ್ನು ಆಟೊದಲ್ಲಿ ಕೂರಿಸಿಕೊಂಡು ಬಂದರು.

"ಡಾಕ್ಟ್ರ, ಇದಕ ರೊಟ್ಟಿ ಹಾಲು ನಡೀತದೇನ್ರಿ?"

ತೂಕ ಎರಡು ಕೆಜಿ ಜಾಸ್ತಿ ಇತ್ತು. ಹಾಲು ಬೇಡ, ರೊಟ್ಟಿ ಅರ್ಧ ಕೊಡ್ರಿ ಎಂದೆ.