ಕ್ಯೂ-ಶಿರತಾಕಿ ಸ್ಟೇಷನ್ನಿನ ಲೆಕ್ಕ

2016ರ ಜನವರಿಯಲ್ಲಿ ಫೇಸ್‌ಬುಕ್‌ನಲ್ಲಿ ಒಂದು ಕಥೆ ಭಾರೀ ಓಡಾಡಿತು. ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪದಲ್ಲಿ ಒಂದು ಪುಟ್ಟ ಸ್ಟೇಷನ್. ಅಲ್ಲಿ ರೈಲು ಹತ್ತುವವಳು ಒಬ್ಬಳೇ ಹೈಸ್ಕೂಲು ಹುಡುಗಿ. ಅವಳ ಓದು ಮುಗಿಯುವ ತನಕ ರೈಲ್ವೆಯವರು ಸ್ಟೇಷನ್ ಮುಚ್ಚದೆ ಕಾದರು ಅಂತ. ಓದಿದವರ ಕಣ್ಣು ಒದ್ದೆಯಾಯಿತು.

ಹುಡುಗಿ ಇದ್ದದ್ದು ನಿಜ. ಅವಳು ಹತ್ತುತ್ತಿದ್ದದ್ದು ಸೆಕಿಹೊಕು ಮಾರ್ಗದ ಕ್ಯೂ-ಶಿರತಾಕಿಯಲ್ಲಿ. ಆದರೆ ದಿನಕ್ಕೆ ಹೋಗಲು ಒಂದು, ಬರಲು ಒಂದು ರೈಲು ಎಂಬ ವೇಳಾಪಟ್ಟಿ ಅದೇ ಮಾರ್ಗದ ಕಮಿ-ಶಿರತಾಕಿಯದು. ಎರಡು ಸ್ಟೇಷನ್‌ಗಳನ್ನು ಬೆರೆಸಿ ಒಂದು ಕಥೆ ಮಾಡಿದ್ದರು. ಇನ್ನು ಮುಚ್ಚಿದ ದಿನ? ಜಪಾನಿನಲ್ಲಿ ರೈಲ್ವೆ ವೇಳಾಪಟ್ಟಿ ಬದಲಾಗುವುದು ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ಶಾಲೆಯ ವರ್ಷ ಮುಗಿಯುವುದೂ ಮಾರ್ಚ್‌ನಲ್ಲೇ. ಅಷ್ಟೇ.

ಕ್ಯೂ-ಶಿರತಾಕಿ ಶುರುವಾದದ್ದು 1947ರಲ್ಲಿ, ತಾತ್ಕಾಲಿಕ ನಿಲುಗಡೆಯಾಗಿ. ಇಂಥವುಗಳಿಗೆ ಸಿಬ್ಬಂದಿಯನ್ನು ಹಾಕುವ ಪದ್ಧತಿಯೇ ಇರಲಿಲ್ಲ. ಒಂದು ಸಣ್ಣ ಪ್ಲಾಟ್‌ಫಾರಂ, ಪಕ್ಕದಲ್ಲಿ ಮರದ ಗುಡಿಸಲಿನಂಥ ಕಾಯುವ ಕೋಣೆ. ಬೇರೆ ಹಳ್ಳಿ ಸ್ಟೇಷನ್‌ಗಳಲ್ಲಿ ಸ್ಟೇಷನ್ ಮಾಸ್ತರು ಇದ್ದರು. ಅವರು ಬರೀ ಟಿಕೆಟ್ ಕೊಡುತ್ತಿರಲಿಲ್ಲ. ಸಿಗ್ನಲ್, ಪಾರ್ಸಲ್, ಗೂಡ್ಸ್ ಎಲ್ಲ ಅವರದೇ. ಸರಕು ಲಾರಿಗೆ ಹೋಯಿತು. ಸಿಗ್ನಲ್ ದೂರದ ಕಂಟ್ರೋಲ್ ರೂಮಿಗೆ ಹೋಯಿತು. ಆಮೇಲೆ ಮಾಸ್ತರಿಗೆ ಉಳಿದದ್ದೇನು?

ಟಿಕೆಟ್ ಕೆಲಸವೂ ಡ್ರೈವರ್ ಪಾಲಿಗೆ ಬಂತು. ಕಂಡಕ್ಟರ್ ಇಲ್ಲದ ಬಸ್ಸಿನ ಹಾಗೆ ಅನ್ನಿ. ಹತ್ತುವಾಗ ನಂಬರಿರುವ ಚೀಟಿ ತೆಗೆದುಕೊಳ್ಳಬೇಕು. ಆ ನಂಬರಿಗೆ ಎಷ್ಟು ದರ ಅಂತ ಮುಂದಿನ ಬೋರ್ಡಿನಲ್ಲಿ ಬರುತ್ತದೆ. ಇಳಿಯುವಾಗ ಡ್ರೈವರ್ ಪಕ್ಕದ ಡಬ್ಬಿಗೆ ದುಡ್ಡು ಹಾಕಿದರಾಯಿತು. 1984ರಲ್ಲಿ ಗೂಡ್ಸ್ ವ್ಯವಸ್ಥೆಯನ್ನು ಮೊಟಕು ಮಾಡಿದಾಗ ಗೂಡ್ಸ್ ರೈಲಿನ ಗಾರ್ಡ್ ಕೂರುತ್ತಿದ್ದ ಬೋಗಿಗಳು ರಾಶಿ ರಾಶಿ ಉಳಿದವು. ಚಕ್ರ ಕಳಚಿ ಅವನ್ನೇ ಹೊಕ್ಕೈಡೊದ ಎಷ್ಟೋ ಕಡೆ ಸ್ಟೇಷನ್ ಕಟ್ಟಡ ಮಾಡಿದರು. ಹಳೆಯ ಕಟ್ಟಡ ರಿಪೇರಿ ಮಾಡುವುದಕ್ಕಿಂತ ಅದು ಅಗ್ಗ.

ಇದೆಲ್ಲದರ ಹಿಂದೆ ಇದ್ದದ್ದು ಸಾಲ. ಟೋಕಿಯೋ–ಒಸಾಕ ನಡುವೆ ಮೊದಲ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಓಡಿದ್ದು 1964ರಲ್ಲಿ. ಸರ್ಕಾರಿ ರೈಲ್ವೆ ನಷ್ಟಕ್ಕೆ ಇಳಿದದ್ದೂ ಅದೇ ವರ್ಷ. 1980ರಲ್ಲಿ ಕಾನೂನು ತಂದು, ಜನ ಕಡಿಮೆ ಇರುವ 83 ಮಾರ್ಗಗಳನ್ನು ಕೈಬಿಡಲು ಗುರುತಿಸಿದರು. ಆದರೂ ಸಾಲ ಸುಮಾರು 37 ಲಕ್ಷ ಕೋಟಿ ಯೆನ್ ಮುಟ್ಟಿತು. 1987ರ ಏಪ್ರಿಲ್ 1ರಂದು ರೈಲ್ವೆಯನ್ನು ಒಡೆದು ಆರು ಪ್ರಯಾಣಿಕ ಕಂಪನಿ, ಒಂದು ಸರಕು ಕಂಪನಿ ಮಾಡಿದರು. ತಮಾಷೆ ನೋಡಿ, ಕ್ಯೂ-ಶಿರತಾಕಿ ಪೂರ್ಣ ಸ್ಟೇಷನ್ ಅನ್ನಿಸಿಕೊಂಡದ್ದು ಅದೇ ದಿನ.

ಹೊಕ್ಕೈಡೊದಲ್ಲಿ ಹಿಮ ಜಾಸ್ತಿ, ಜನ ಕಡಿಮೆ. ಟಿಕೆಟ್ ದುಡ್ಡಿನಲ್ಲಿ ಈ ದ್ವೀಪದ ಪ್ರಯಾಣಿಕ ಕಂಪನಿ ನಡೆಯುವುದಿಲ್ಲ ಅಂತ ಸರ್ಕಾರಕ್ಕೆ ಮೊದಲೇ ಗೊತ್ತಿತ್ತು. ಅದಕ್ಕೇ 68,220 ಕೋಟಿ ಯೆನ್ ಇಡಗಂಟು ಕೊಟ್ಟಿತು. ಬಡ್ಡಿಯಲ್ಲಿ ನಷ್ಟ ತುಂಬಿಕೊಳ್ಳಿ ಅಂದಿತು. ಆಗ ಬಡ್ಡಿ ಶೇ. 7ರ ಮೇಲಿತ್ತು. ಆಮೇಲೆ ಜಪಾನಿನಲ್ಲಿ ಬಡ್ಡಿ ದರ ನೆಲ ಕಚ್ಚಿತು. ನನ್ನ ಪ್ರಕಾರ ಈ ಸ್ಟೇಷನ್‌ಗಳನ್ನು ಮುಚ್ಚಿಸಿದ್ದರಲ್ಲಿ ಈ ಬಡ್ಡಿಯ ಪಾಲು ದೊಡ್ಡದು. ಹುಡುಗಿಯ ಕಥೆ ಹಂಚಿಕೊಂಡವರಲ್ಲಿ ಇದನ್ನು ಯಾರೂ ಕೇಳಲಿಲ್ಲ.

ಸಿಬ್ಬಂದಿ ಇಲ್ಲದ ಸ್ಟೇಷನ್ನಿಗೂ ಖರ್ಚು ಇದ್ದೇ ಇರುತ್ತದೆ ಅಲ್ವಾ? ಪ್ಲಾಟ್‌ಫಾರಂ ಮೇಲಿನ ಹಿಮ ತೆಗೆಯಬೇಕು, ದೀಪ ಉರಿಯಬೇಕು. 2016ರ ಮಾರ್ಚ್ 26ರ ಹೊಸ ವೇಳಾಪಟ್ಟಿಯಲ್ಲಿ ಕ್ಯೂ-ಶಿರತಾಕಿ, ಕಮಿ-ಶಿರತಾಕಿ, ಶಿಮೊ-ಶಿರತಾಕಿ ಮೂರೂ ಇರಲಿಲ್ಲ. ಅದೇ ದಿನ ಹೊಕ್ಕೈಡೊಗೆ ಶಿಂಕಾನ್ಸೆನ್ ಬಂತು. ಈಗ ಆ ಮಾರ್ಗದಲ್ಲಿ ಕಮಿಕಾವಾ ಸ್ಟೇಷನ್ ಬಿಟ್ಟರೆ ಮುಂದಿನ ಸ್ಟೇಷನ್ ಶಿರತಾಕಿ, 37.3 ಕಿಲೋಮೀಟರ್ ದೂರ. ಅದೇ ವರ್ಷದ ನವೆಂಬರ್‌ನಲ್ಲಿ ಕಂಪನಿ ಇನ್ನೂ ದೊಡ್ಡ ಮಾತು ಹೇಳಿತು: ತನ್ನ ಮಾರ್ಗಗಳಲ್ಲಿ ಸುಮಾರು ಅರ್ಧದಷ್ಟನ್ನು, ಅಂದರೆ 1,237 ಕಿಲೋಮೀಟರ್ ಅನ್ನು ಒಂಟಿಯಾಗಿ ನಡೆಸಲು ಆಗುವುದಿಲ್ಲ ಎಂದು.

ಅಲ್ಲಿಂದ ಮುಂದೆ ಪ್ರಶ್ನೆ ಊರಿನವರ ಮುಂದೆ ಬಂತು. ಸ್ಟೇಷನ್ ಬೇಕಾದರೆ ಖರ್ಚು ನೀವು ಕೊಡಿ, ಇಲ್ಲವಾದರೆ ಮುಚ್ಚುತ್ತೇವೆ. 2021ರ ಮಾರ್ಚ್‌ನಲ್ಲಿ 18 ಸ್ಟೇಷನ್‌ಗಳು ಒಟ್ಟಿಗೆ ಹೋದವು. ಇನ್ನು ಕೆಲವನ್ನು ಸ್ಥಳೀಯ ಆಡಳಿತಗಳು ವಹಿಸಿಕೊಂಡವು. ಅದಕ್ಕೂ ಮೊದಲೇ ಟೊಯೊಉರಾ ಪಟ್ಟಣ ಕೊಬೊರೊ ಸ್ಟೇಷನ್ನನ್ನು ವಹಿಸಿಕೊಂಡಿತ್ತು. ಎರಡು ಸುರಂಗಗಳ ನಡುವಿನ ಆ ಸ್ಟೇಷನ್ನಿಗೆ ರಸ್ತೆಯೇ ಇಲ್ಲ. ಸುತ್ತ ಮನೆಯೂ ಇಲ್ಲ. ಆದರೂ ನೋಡಲು ದೂರದೂರದಿಂದ ರೈಲು ಹುಚ್ಚರು ಬರುತ್ತಾರೆ. ಪಟ್ಟಣಕ್ಕೆ ಅದರ ಹೆಸರು ಬೇಕು. ಹಾಗಾಗಿ ದುಡ್ಡು ಕೊಡುತ್ತಿದೆ.