ಕ್ರಾಂತಿ: ಆಕಾಶದಿಂದ ಬೀದಿಗಿಳಿದ ಪದ

ಸಂಕ್ರಾಂತಿಯೊಳಗೂ ಒಂದು ಕ್ರಾಂತಿ ಇದೆ. ಎಳ್ಳು ಬೀರುವ ಗಡಿಬಿಡಿಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಫ್ರೆಂಚ್ ಕ್ರಾಂತಿ, ಹಸಿರು ಕ್ರಾಂತಿ, ಕಲ್ಯಾಣ ಕ್ರಾಂತಿ ಎಂದು ನಾವು ಧಾರಾಳವಾಗಿ ಬಳಸುವ ಈ ಪದ ಮೂಲದಲ್ಲಿ ಪಂಚಾಂಗದವರದು. ಸಂಸ್ಕೃತದ ‘ಕ್ರಮ್’ ಧಾತುವಿಗೆ ಹೆಜ್ಜೆ ಇಡು, ದಾಟು ಎಂಬ ಅರ್ಥ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟಿದರೆ ಸಂಕ್ರಾಂತಿ. ವರ್ಷವಿಡೀ ಸೂರ್ಯ ಸಾಗುವಂತೆ ಕಾಣುವ ದಾರಿ ಕ್ರಾಂತಿವೃತ್ತ. ಹಳೆಯ ಗಣಿತದ ಗ್ರಂಥಗಳಲ್ಲಿ ಬರೀ ‘ಕ್ರಾಂತಿ’ ಎಂದರೆ, ಆಕಾಶದ ನಡುಗೆರೆಯಿಂದ ಗ್ರಹ ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಸರಿದಿದೆ ಎಂಬ ಲೆಕ್ಕ. ಅಲ್ಲಿ ರಾಜನೂ ಇಲ್ಲ, ಬಂದೂಕೂ ಇಲ್ಲ.

ತಮಾಷೆ ಎಂದರೆ, ಇಂಗ್ಲಿಷಿನ ‘ರೆವಲ್ಯೂಷನ್’ ಕೂಡ ಬಂದದ್ದು ಆಕಾಶದಿಂದಲೇ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಸುತ್ತಿ ಬರುವುದು, ಹೊರಟ ಜಾಗಕ್ಕೇ ಮರಳುವುದು. 1543ರಲ್ಲಿ ನ್ಯೂರೆಂಬರ್ಗ್ ಊರಿನಲ್ಲಿ ಅಚ್ಚಾದ ಕೋಪರ್ನಿಕಸನ ಪುಸ್ತಕದ ಹೆಸರಿನಲ್ಲೇ ಈ ಪದ ಇದೆ. ಆಕಾಶಗೋಳಗಳ ಸುತ್ತಾಟದ ಬಗ್ಗೆ, ಅಂತ ಆ ಹೆಸರು. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದು ಹೇಳಿದ ಪುಸ್ತಕ ಅದು. ಎಲ್ಲವನ್ನೂ ತಲೆಕೆಳಗು ಮಾಡಿದ ಪುಸ್ತಕದ ಹೆಸರಿನಲ್ಲಿ ಕ್ರಾಂತಿ ಇತ್ತು, ಆದರೆ ತಲೆಕೆಳಗು ಮಾಡುವುದು ಎಂಬ ಅರ್ಥ ಆಗ ಅದಕ್ಕೆ ಇರಲಿಲ್ಲ.

ರಾಜಕೀಯಕ್ಕೆ ಬಂದಾಗಲೂ ಮೊದಮೊದಲು ಪದ ಹಳೆಯ ಅರ್ಥವನ್ನೇ ಹಿಡಿದುಕೊಂಡಿತ್ತು. 1649ರಲ್ಲಿ ಇಂಗ್ಲೆಂಡಿನವರು ತಮ್ಮ ದೊರೆ ಒಂದನೇ ಚಾರ್ಲ್ಸನ ತಲೆ ಕಡಿದರು. ನಮ್ಮ ಲೆಕ್ಕದಲ್ಲಿ ಅದು ಕ್ರಾಂತಿಯೇ ಅಲ್ವಾ? ಆಗ ಹಾಗೆ ಕರೆಯಲಿಲ್ಲ. 1660ರಲ್ಲಿ ಅವನ ಮಗ ಎರಡನೇ ಚಾರ್ಲ್ಸ್ ಮತ್ತೆ ಸಿಂಹಾಸನಕ್ಕೆ ಬಂದಾಗ ಮಾತ್ರ ಕೆಲವರು ರೆವಲ್ಯೂಷನ್ ಎಂದರು. ಚಕ್ರ ಒಂದು ಸುತ್ತು ಹೊಡೆದು ಮೊದಲಿನ ಜಾಗಕ್ಕೆ ಬಂತು, ಅಷ್ಟೇ. 1688ರಲ್ಲಿ ಎರಡನೇ ಜೇಮ್ಸನನ್ನು ಓಡಿಸಿ ವಿಲಿಯಂ ಮತ್ತು ಮೇರಿಯನ್ನು ಕೂರಿಸಿದಾಗಲೂ, ನಾವು ಹಳೆಯ ಹಕ್ಕುಗಳನ್ನು ಮರಳಿ ಪಡೆದೆವು ಎಂದೇ ಅಲ್ಲಿನವರು ಹೇಳಿಕೊಂಡರು.

ಆಮೇಲಿನ ನೂರು ವರ್ಷಗಳಲ್ಲಿ ಪದದ ಅರ್ಥ ಪೂರ್ತಿ ತಿರುಗಿಬಿತ್ತು. ಮರಳಿ ಬರುವುದು ಎಂಬುದು ಮರಳಲಾಗದಂತೆ ಮುಂದಕ್ಕೆ ಹೋಗುವುದು ಎಂದಾಯಿತು. ಅದರಲ್ಲಿ ವಿಜ್ಞಾನದ ಪಾಲು ದೊಡ್ಡದು, ಆದರೆ ಶಾಲೆಯ ಪಾಠದಲ್ಲಿ ಓದಿದಷ್ಟು ನೇರವಾಗಿ ಅಲ್ಲ.

ಅದೇ 1660ರಲ್ಲಿ, ಎರಡನೇ ಚಾರ್ಲ್ಸ್ ಮರಳಿದ ವರ್ಷವೇ, ಲಂಡನ್ನಿನಲ್ಲಿ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಹುಟ್ಟಿತು. ಯಾರ ಮಾತನ್ನೂ ಬರೀ ಮಾತೆಂದು ಒಪ್ಪಬೇಡ ಎಂಬುದು ಅದರ ಧ್ಯೇಯವಾಕ್ಯ. ಅರಿಸ್ಟಾಟಲ್ ಹೇಳಿದ್ದಾನೆ ಅಂದರೆ ಸಾಲದು, ಮಾಡಿ ತೋರಿಸು. ಈ ಮಾತು ಗಾಳಿಯ ಒತ್ತಡಕ್ಕೂ ಕಪ್ಪೆಯ ಕರುಳಿಗೂ ಅನ್ವಯಿಸುವವರೆಗೆ ಯಾವ ದೊರೆಗೂ ತೊಂದರೆ ಇಲ್ಲ. ಆ ಸೊಸೈಟಿಗೆ 1662ರಲ್ಲಿ ಸನ್ನದು ಕೊಟ್ಟವನೂ ದೊರೆಯೇ. ಆದರೆ ಪ್ರಶ್ನೆ ಕೇಳುವ ಚಟ ಒಂದು ಕೋಣೆಯಲ್ಲೇ ಕೂರುವುದಿಲ್ಲ. ಕಲ್ಲು ಕೆಳಗೆ ಬೀಳುವುದಕ್ಕೆ ಕಾರಣ ತೋರಿಸು ಎಂದವನು, ನೀನು ನನ್ನನ್ನು ಆಳುವುದಕ್ಕೆ ಕಾರಣ ತೋರಿಸು ಎಂದು ಇವತ್ತಲ್ಲ ನಾಳೆ ಕೇಳಿಯೇ ಕೇಳುತ್ತಾನೆ.

ಹಾಗೆ ಕೇಳಿದವನು ಜಾನ್ ಲಾಕ್. ವೈದ್ಯಕೀಯ ಕಲಿತವನು, 1668ರಿಂದ ರಾಯಲ್ ಸೊಸೈಟಿಯ ಸದಸ್ಯ, ನ್ಯೂಟನ್ನನಿಗೂ ಪರಿಚಿತ. ನ್ಯೂಟನ್ನನ ಮಹಾಗ್ರಂಥ ಬಂದದ್ದು 1687ರಲ್ಲಿ, ಜೇಮ್ಸ್ ಓಡಿದ್ದು 1688ರಲ್ಲಿ, ಸರಕಾರದ ಬಗ್ಗೆ ಲಾಕ್ ಬರೆದ ಎರಡು ಪ್ರಬಂಧಗಳು ಹೊರಬಂದದ್ದು 1689ರ ಕೊನೆಗೆ. ಆಳುವ ಅಧಿಕಾರ ದೇವರಿಂದ ಆದಾಮನಿಗೆ, ಆದಾಮನಿಂದ ರಾಜರಿಗೆ ಬಂತು ಎಂಬ ವಾದವನ್ನು ಲಾಕ್ ಕಿತ್ತುಹಾಕಿದ. ಜನ ಒಪ್ಪಿ ಕೊಟ್ಟದ್ದು ಅಧಿಕಾರ, ಮಾತು ಮುರಿದರೆ ವಾಪಸು ತೆಗೆದುಕೊಳ್ಳಬಹುದು ಎಂದ.

ನ್ಯೂಟನ್ ದಂಗೆಕೋರನಲ್ಲ. ಅವನ ಲೆಕ್ಕವನ್ನು ರಾಜರ ಕಡೆಯವರೂ ಬಳಸಿಕೊಂಡರು. ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ ದೊರೆಯ ಸುತ್ತ ಪ್ರಜೆಗಳು, ಇದೇ ಒಳ್ಳೆಯ ಆಡಳಿತದ ಮಾದರಿ ಎಂದು 1728ರಲ್ಲಿ ಅವನ ಶಿಷ್ಯನೊಬ್ಬ ಪದ್ಯವನ್ನೇ ಬರೆದ. ಹಾಗಾಗಿ ವಿಜ್ಞಾನ ಬಂತು, ರಾಜರು ಹೋದರು ಎಂದು ಒಂದೇ ಗೆರೆ ಎಳೆಯುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ನ್ಯೂಟನ್ ಕೊಟ್ಟದ್ದು ಬೇರೆ ತರದ್ದು. ಬೀಳುವ ಹಣ್ಣಿಗೂ ಚಂದ್ರನಿಗೂ ಒಂದೇ ನಿಯಮ. ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ಕಾನೂನಿಲ್ಲ. ಧಣಿಗೆ ತೆರಿಗೆ ಇಲ್ಲದೆ ರೈತನಿಗೆ ಮಾತ್ರ ತೆರಿಗೆ ಇದ್ದ ನಾಡಿನಲ್ಲಿ ಈ ಮಾತು ಬೇರೆಯದೇ ರೀತಿಯಲ್ಲಿ ಕೇಳಿಸಿತು.

ಆ ನಾಡು ಫ್ರಾನ್ಸ್. ಅಲ್ಲಿಗೆ ಈ ಸುದ್ದಿ ಒಯ್ದವರಲ್ಲಿ ಬರಹಗಾರ ವೋಲ್ಟೇರ್ ಒಬ್ಬ. 1726ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ. ಮರುವರ್ಷ ನ್ಯೂಟನ್ ತೀರಿಕೊಂಡಾಗ ಅವನಿಗೆ ಸಿಕ್ಕ ಅಂತ್ಯಸಂಸ್ಕಾರದ ಗೌರವ ನೋಡಿ ಬೆರಗಾದ. ಗಣಿತದವನೊಬ್ಬನಿಗೆ ದೊರೆಯ ಮರ್ಯಾದೆ! ಊರಿಗೆ ಮರಳಿ ಬರೆದ ಪುಸ್ತಕವನ್ನು 1734ರಲ್ಲಿ ಪ್ಯಾರಿಸಿನ ನ್ಯಾಯಾಲಯ ಸುಡಿಸಿತು. ನ್ಯೂಟನ್ನನ ಗ್ರಂಥವನ್ನು ಪೂರ್ತಿ ಫ್ರೆಂಚಿಗೆ ತಂದವಳು ವೋಲ್ಟೇರನ ಸಂಗಾತಿ ಎಮಿಲಿ ದು ಶಾತಲೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ, 1749ರಲ್ಲಿ ತೀರಿಕೊಂಡಳು. ಅನುವಾದ ಪೂರ್ತಿಯಾಗಿ ಅಚ್ಚಾದದ್ದು 1759ರಲ್ಲಿ. ಅವಳ ಹೆಸರು ನಮ್ಮ ಪಠ್ಯಗಳಲ್ಲಿ ಸಿಗುವುದೇ ಅಪರೂಪ.

ಈ ಕಾಲಕ್ಕೆ ಕನ್ನಡದಲ್ಲಿ ಜ್ಞಾನೋದಯ ಯುಗ ಎನ್ನುತ್ತೇವೆ. ಜ್ಞಾನೋದಯ ಎಂದ ಕೂಡಲೇ ನನಗೆ ಬೋಧಿವೃಕ್ಷದ ಕೆಳಗೆ ಕುಳಿತ ಬುದ್ಧ ನೆನಪಾಗುತ್ತಾನೆ. ಒಬ್ಬನೇ, ಮೌನವಾಗಿ. ಯುರೋಪಿನದು ಹಾಗಲ್ಲ, ಗದ್ದಲದ ವ್ಯವಹಾರ. ಕಾಫಿ ಅಂಗಡಿ, ಕದ್ದು ಮಾರುವ ಪುಸ್ತಕ, ಪತ್ರಗಳ ಜಗಳ. ಫ್ರೆಂಚರು ಅದನ್ನು ಸುಮ್ನೆ ‘ಬೆಳಕುಗಳು’ ಎನ್ನುತ್ತಾರೆ, ಬಹುವಚನದಲ್ಲಿ. ಅದೇ ಸರಿ ಅನ್ನಿಸುತ್ತದೆ. 1784ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಕೊಟ್ಟ ಅರ್ಥವೂ ಸರಳ: ನಿನ್ನ ಬುದ್ಧಿಯನ್ನು ನೀನೇ ಬಳಸುವ ಧೈರ್ಯ ಮಾಡು.

ಆ ಗದ್ದಲದ ನಡುಮನೆ ಲೇಖಕ ದಿದೆರೋ ಮತ್ತು ಗಣಿತಜ್ಞ ದಲಂಬೇರ್ ಹೊರತಂದ ವಿಶ್ವಕೋಶ. 1751ರಲ್ಲಿ ಶುರುವಾಗಿ 1772ಕ್ಕೆ ಮುಗಿಯಿತು. 17 ಸಂಪುಟ ಬರಹ, 11 ಸಂಪುಟ ಚಿತ್ರ. ದಿದೆರೋ ಕುಶಲಕರ್ಮಿಗಳ ಕಾರ್ಖಾನೆಗಳಿಗೆ ಹೋಗಿ, ಅವರು ಹೇಗೆ ಕೆಲಸ ಮಾಡುತ್ತಾರೆ ಎಂದು ಕೇಳಿ ಬರೆದ. ಗುಂಡುಸೂಜಿ ಮಾಡುವುದು, ಕಾಲುಚೀಲ ಹೆಣೆಯುವ ಯಂತ್ರ, ನೇಗಿಲು, ಎಲ್ಲಕ್ಕೂ ಅಲ್ಲಿ ಜಾಗ. ಕೈಕೆಲಸವನ್ನು ಕೀಳೆಂದು ನೋಡುತ್ತಿದ್ದ ಸಮಾಜದಲ್ಲಿ ಅದೇ ಒಂದು ಪೆಟ್ಟು. ಇತರರನ್ನು ಆಳುವ ಹಕ್ಕನ್ನು ಪ್ರಕೃತಿ ಯಾರಿಗೂ ಕೊಟ್ಟಿಲ್ಲ ಎಂಬ ಮಾತು ಮೊದಲ ಸಂಪುಟದಲ್ಲೇ ಬಂತು. ಕಿಡಿಗೇಡಿತನವೂ ಕಡಿಮೆ ಇರಲಿಲ್ಲ. ‘ನರಭಕ್ಷಕರು’ ಎಂಬ ಲೇಖನದ ಕೊನೆಗೆ, ‘ಇದನ್ನೂ ನೋಡಿ’ ಎಂದು, ಕ್ರಿಸ್ತನ ದೇಹವೆಂದು ರೊಟ್ಟಿ ತಿನ್ನುವ ಚರ್ಚಿನ ಪರಮಪ್ರಸಾದದ ಲೇಖನವನ್ನು ತೋರಿಸಿದ್ದರು! 1759ರಲ್ಲಿ ದೊರೆ ಅನುಮತಿ ರದ್ದು ಮಾಡಿದ. ಆದರೂ ಕೆಲಸ ಒಳಗೊಳಗೇ ನಡೆಯಿತು. ಅದಕ್ಕೂ ಮುಂಚೆ 1752ರಲ್ಲಿ ಹಸ್ತಪ್ರತಿಗಳನ್ನು ಜಪ್ತಿ ಮಾಡಲು ಆಜ್ಞೆಯಾದಾಗ ಅವನ್ನು ಬಚ್ಚಿಟ್ಟವನು ಯಾರು ಗೊತ್ತಾ? ಪುಸ್ತಕಗಳ ಮೇಲೆ ಕಣ್ಣಿಡುವ ಸರಕಾರಿ ಅಧಿಕಾರಿ ಮಾಲ್‌ಜೆರ್ಬ್. ಅವನ ಮನೆಯನ್ನು ಶೋಧಿಸುವವರು ಯಾರು!

ವಿಜ್ಞಾನ ಬೀದಿಗೆ ಹೇಗೆ ಇಳಿಯಿತು ಎಂದು ಯಾರಾದರೂ ಕೇಳಿದರೆ ನಾನು ಒಂದು ಕಬ್ಬಿಣದ ಕಂಬಿ ತೋರಿಸುತ್ತೇನೆ. ಸಿಡಿಲು ದೇವರ ಸಿಟ್ಟು ಎಂದು ನಂಬಿದ್ದ ಕಾಲ. ಗುಡುಗು ಬಂದರೆ ಚರ್ಚಿನ ಗಂಟೆ ಬಾರಿಸುತ್ತಿದ್ದರು. ಎತ್ತರದ ಗೋಪುರ, ಒದ್ದೆ ಹಗ್ಗ. ಬಾರಿಸುವವನೇ ಸಿಡಿಲಿಗೆ ಸಾಯುತ್ತಿದ್ದುದೂ ಉಂಟು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅದು ಬರೀ ವಿದ್ಯುತ್ತು ಎಂದು ಹೇಳಿ, ಮನೆಯ ಮೇಲೆ ಮಿಂಚುವಾಹಕ ಕಂಬಿ ನಿಲ್ಲಿಸುವ ಉಪಾಯ ಕೊಟ್ಟ. ಫ್ರಾನ್ಸಿನ ಸೇಂಟ್ ಓಮೇರ್ ಎಂಬ ಊರಿನಲ್ಲಿ ವಿಸೆರಿ ಎಂಬಾತ ಮನೆಗೆ ಇಂಥ ಕಂಬಿ ಹಾಕಿಸಿದ. ನೆರೆಯವರು ಹೆದರಿ ದೂರು ಕೊಟ್ಟರು, ಊರಿನ ಅಧಿಕಾರಿಗಳು ತೆಗೆಯಲು ಹೇಳಿದರು. ಮೊಕದ್ದಮೆ ಮೇಲಿನ ಕೋರ್ಟಿಗೆ ಹೋಯಿತು. 1783ರಲ್ಲಿ ಕಂಬಿಯ ಪರ ವಾದಿಸಿ ಗೆದ್ದ ಯುವ ವಕೀಲನಿಗೆ ಆಗ 25 ವರ್ಷ. ಹೆಸರು ರೋಬೆಸ್‌ಪಿಯರ್. ಮುಂದೆ ತಲೆ ಕಡಿಯುವ ಯಂತ್ರ ಗಿಲೊಟಿನ್ನಿನ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು. ತನ್ನ ವಾದದ ಪ್ರತಿಯನ್ನು ಆಗ ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದ ಫ್ರಾಂಕ್ಲಿನ್ನನಿಗೇ ಕಳಿಸಿದ್ದ.

ಅತ್ತ ಇಂಗ್ಲೆಂಡಿನ ಮೂರನೇ ಜಾರ್ಜ್ ಇನ್ನೊಂದು ತಮಾಷೆ ಮಾಡಿದ. ಕಂಬಿಯ ತುದಿ ಚೂಪಾಗಿರಬೇಕು ಎಂದಿದ್ದ ಫ್ರಾಂಕ್ಲಿನ್. ಅಮೆರಿಕ ತಿರುಗಿಬಿದ್ದ ಮೇಲೆ ದೊರೆ ತನ್ನ ಅರಮನೆಗೆ ಮೊಂಡು ತುದಿಯ ಕಂಬಿ ಹಾಕಿಸಿದ. ಫ್ರಾಂಕ್ಲಿನ್ ಬಗ್ಗೆ ಫ್ರಾನ್ಸಿನ ಮಂತ್ರಿ ತ್ಯೂರ್ಗೋ ಬರೆದ ಲ್ಯಾಟಿನ್ ಸಾಲು ಆಗ ಮನೆಮಾತು: ಆಕಾಶದಿಂದ ಸಿಡಿಲನ್ನು, ದಬ್ಬಾಳಿಕೆಯವರಿಂದ ರಾಜದಂಡವನ್ನು ಕಸಿದುಕೊಂಡವನು.

1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲೂ ಗಣಿತದ ವಾಸನೆ ಇದೆ. ಜೆಫರ್ಸನ್ ಮೊದಲು ಬರೆದದ್ದು, ಈ ಸತ್ಯಗಳು ‘ಪವಿತ್ರ ಮತ್ತು ಅಲ್ಲಗಳೆಯಲಾಗದವು’ ಎಂದು. ಕರಡಿನಲ್ಲಿ ಅದನ್ನು ಹೊಡೆದು ‘ಸ್ವಯಂಸಿದ್ಧ’ ಎಂದು ತಿದ್ದಲಾಯಿತು. ತಿದ್ದಿದವನು ಫ್ರಾಂಕ್ಲಿನ್ ಎನ್ನುವವರಿದ್ದಾರೆ. ಸ್ವಯಂಸಿದ್ಧ ಎಂಬುದು ರೇಖಾಗಣಿತದ ಭಾಷೆ. ಪವಿತ್ರ ಎಂದರೆ ಪಾದ್ರಿಯನ್ನು ಕೇಳಬೇಕು, ಸ್ವಯಂಸಿದ್ಧ ಎಂದರೆ ಯಾರನ್ನೂ ಕೇಳಬೇಕಿಲ್ಲ. ಎಲ್ಲರೂ ಸಮಾನರು ಎಂಬುದು ಹೀಗೆ ಸ್ವಯಂಸಿದ್ಧ ಎಂದು ಬರೆದ ಜೆಫರ್ಸನ್, ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಆ ಮಾತನ್ನು ಅಕ್ಷರಶಃ ತೆಗೆದುಕೊಂಡವರು ಹೈಟಿಯ ಗುಲಾಮರು. 1791ರಲ್ಲಿ ಎದ್ದು, 1804ರಲ್ಲಿ ಸ್ವತಂತ್ರರಾದರು.

ಇನ್ನು 1789, ಫ್ರೆಂಚ್ ಕ್ರಾಂತಿಯ ವರ್ಷ. ಪುಸ್ತಕ ಓದಿ ಯಾರೂ ಪ್ಯಾರಿಸಿನ ಸೆರೆಮನೆಯಾಗಿದ್ದ ಬಾಸ್ಟೀಲ್ ಕೋಟೆಗೆ ನುಗ್ಗಲಿಲ್ಲ. ಹಿಂದಿನ ವರ್ಷದ ಬೆಳೆ ಹಾಳಾಗಿ ಬ್ರೆಡ್ಡಿನ ಬೆಲೆ ಗಗನಕ್ಕೇರಿತ್ತು. ಅಮೆರಿಕದ ಯುದ್ಧಕ್ಕೆ ಸುರಿದ ದುಡ್ಡು ಖಜಾನೆಯನ್ನು ಬರಿದು ಮಾಡಿತ್ತು. ಪುಸ್ತಕಗಳು ಕೊಟ್ಟದ್ದು ಹಸಿವಿಗೆ ಒಂದು ಭಾಷೆ. ಸುದ್ದಿ ತಿಳಿದ ದೊರೆ ಹದಿನಾರನೇ ಲೂಯಿ, ‘ಇದೇನು ದಂಗೆಯಾ?’ ಎಂದು ಕೇಳಿದನಂತೆ. ‘ಅಲ್ಲ ಪ್ರಭು, ಕ್ರಾಂತಿ’ ಎಂದನಂತೆ ಸರದಾರ. ಕಥೆಯೇ ಇರಬಹುದು, ಆದರೆ ಪದದ ಅರ್ಥ ಬದಲಾದದ್ದು ಅದರಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ. ದಂಗೆಯನ್ನು ಸೈನಿಕರು ಅಡಗಿಸಬಹುದು. ಗ್ರಹಗತಿಗೆ ಯಾರು ಅಡ್ಡ ನಿಲ್ಲುತ್ತಾರೆ? ನಮ್ಮಲ್ಲೂ ಈ ವ್ಯತ್ಯಾಸ ಇದೆ. ನರಗುಂದದ್ದು ಬಂಡಾಯ, ಆಳುವವರ ಬಾಯಲ್ಲಿ 1857ರದ್ದು ಸಿಪಾಯಿ ದಂಗೆ. ಕ್ರಾಂತಿ ಎಂದು ಕರೆಯುವುದು ನಾವು ಅದರ ಪರ ನಿಂತಾಗ. ಕಲ್ಯಾಣದ ಶರಣರು ತಮ್ಮದನ್ನು ಕ್ರಾಂತಿ ಎಂದು ಕರೆದುಕೊಂಡಿರಲಿಲ್ಲ, ಅದು ನಮ್ಮ ಕಾಲದವರು ಇಟ್ಟ ಹೆಸರು.

1789ರ ಆ ಬೇಸಿಗೆಯಲ್ಲಿ ಪ್ಯಾರಿಸಿನ ಮೊದಲ ಮೇಯರ್ ಆದವನು ಒಬ್ಬ ಖಗೋಳಜ್ಞ, ಜಾನ್ ಸಿಲ್ವಾಂ ಬೈಯಿ. ಗುರುಗ್ರಹದ ಚಂದ್ರರ ಬಗ್ಗೆ ಲೆಕ್ಕ ಹಾಕಿದವನು. ಎರಡು ವರ್ಷದ ಹಿಂದೆಯಷ್ಟೇ, 1787ರಲ್ಲಿ, ಭಾರತದ ಖಗೋಳಶಾಸ್ತ್ರದ ಬಗ್ಗೆ ದಪ್ಪ ಗ್ರಂಥ ಬರೆದಿದ್ದ. ಅಂದರೆ ನಮ್ಮ ‘ಕ್ರಾಂತಿ’ಯ ಲೆಕ್ಕಗಳನ್ನು ನೋಡಿದವನೇ ಅವರ ಕ್ರಾಂತಿಯ ಮುಂದಾಳು! ಆ ಕ್ರಾಂತಿಯೇ ಅವನನ್ನು 1793ರ ನವೆಂಬರಿನಲ್ಲಿ ಗಿಲೊಟಿನ್ನಿಗೆ ಕೊಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ವಿಜ್ಞಾನ ಅಕಾಡೆಮಿಯನ್ನು ಮುಚ್ಚಿದ್ದರು. 1794ರ ಮೇ 8ರಂದು ರಸಾಯನಶಾಸ್ತ್ರಜ್ಞ ಲಾವಾಸಿಯೇಯ ತಲೆ ಉರುಳಿತು. ಅವನ ಮೇಲಿನ ಸಿಟ್ಟು ವಿಜ್ಞಾನಕ್ಕಲ್ಲ, ತೆರಿಗೆ ವಸೂಲಿಯ ಗುತ್ತಿಗೆಯಲ್ಲಿ ಪಾಲುದಾರನಾಗಿದ್ದಕ್ಕೆ.

ಅಷ್ಟೆಲ್ಲ ರಕ್ತದ ನಡುವೆಯೂ ಲೆಕ್ಕ ನಿಲ್ಲಲಿಲ್ಲ. ಹೊಸ ಪಂಚಾಂಗ ಬಂತು. ಹತ್ತು ದಿನದ ವಾರ, ವರ್ಷಾರಂಭ ಹಗಲು ಇರುಳು ಸಮವಾಗುವ ಸೆಪ್ಟೆಂಬರಿನ ದಿನಕ್ಕೆ. ಗಣರಾಜ್ಯ ಶುರುವಾದ 1792ರ ಸೆಪ್ಟೆಂಬರ್ 22ರಂದೇ ಆಕಾಶದಲ್ಲೂ ಸಮಾನತೆ ಇತ್ತು ಎಂದು ಅದನ್ನು ರೂಪಿಸಿದ ಗಿಲ್ಬೇರ್ ರೋಮ್ ಎಂಬಾತ ಹೆಮ್ಮೆಯಿಂದ ಹೇಳಿದ. ಪದ ಮತ್ತೆ ಆಕಾಶ ನೋಡಿತು. ಹತ್ತು ದಿನಕ್ಕೊಂದೇ ರಜೆ ಯಾರಿಗೆ ಬೇಕು? 1806ರ ಜನವರಿ 1ರಿಂದ ನೆಪೋಲಿಯನ್ ಅದನ್ನು ಕೈಬಿಟ್ಟ. ನಮ್ಮ ಟಿಪ್ಪು ಸುಲ್ತಾನನೂ ಅದೇ ಕಾಲದಲ್ಲಿ ತನ್ನದೇ ವರ್ಷಗಣನೆ ತಂದಿದ್ದ, ಅದರ ಕಾರಣ ಬೇರೆ.

ಉಳಿದದ್ದು ಮೀಟರ್. ಊರಿಗೊಂದು ಮೊಳ, ಧಣಿಗೊಂದು ಕೊಳಗ ಇದ್ದ ದೇಶದಲ್ಲಿ ರೈತರ ದೊಡ್ಡ ದೂರೇ ಅಳತೆಯ ಮೋಸ. ಹಾಗಾಗಿ ಯಾವ ದೊರೆಯ ಕೈಕಾಲೂ ಬೇಡ, ಭೂಮಿಯನ್ನೇ ಅಳೆಯೋಣ ಎಂದರು. ಉತ್ತರಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯಲ್ಲಿ ಒಂದು ಪಾಲು. 1792ರಲ್ಲಿ ದೆಲಾಂಬ್ರ್ ಮತ್ತು ಮೆಶೆನ್ ಎಂಬ ಇಬ್ಬರು ಹೊರಟು, ಡಂಕರ್ಕಿನಿಂದ ಬಾರ್ಸಿಲೋನಾವರೆಗೆ ಸುಮಾರು ಏಳು ವರ್ಷ ಅಳೆದರು. ದಾರಿಯಲ್ಲಿ ಗೂಢಚಾರರೆಂದು ಹಿಡಿಸಿಕೊಂಡರು. ಕೊನೆಗೆ ಬಂದ ಮೀಟರ್ ಇರಬೇಕಾದ್ದಕ್ಕಿಂತ ಮಿಲಿಮೀಟರಿನ ಐದನೇ ಒಂದು ಪಾಲು ಗಿಡ್ಡ. ಜನರಿಗೆ ಹೊಸ ಅಳತೆ ಪರಿಚಯ ಆಗಲಿ ಎಂದು ಆಗ ಊರೆಲ್ಲ ಅಮೃತಶಿಲೆಯ ಮಾದರಿಗಳನ್ನು ಹಾಕಿದ್ದರು. ಅದರಲ್ಲೊಂದು ಪ್ಯಾರಿಸಿನ ವೋಜಿರಾರ್ ಬೀದಿಯ 36ನೇ ನಂಬರಿನ ಗೋಡೆಯಲ್ಲಿ ಈಗಲೂ ಇದೆ.