‘ವಾಂಟ್’ ಎಂದರೆ ಬೇಕೋ, ಇಲ್ಲವೋ?

ಪ್ರಶ್ನೆ: ‘ವಾಂಟ್’ ಎಂದರೆ ‘ಬೇಕು’ ಎಂದು ಶಾಲೆಯಲ್ಲಿ ಕಲಿತೆವು. ಆದರೆ ಕೋರ್ಟಿನ ಆದೇಶದಲ್ಲಿ ‘ಫಾರ್ ವಾಂಟ್ ಆಫ್ ಎವಿಡೆನ್ಸ್’ ಎಂದಿದ್ದರೆ ಸಾಕ್ಷ್ಯ ಇಲ್ಲ ಎಂದರ್ಥವಂತೆ. ಒಂದೇ ಪದಕ್ಕೆ ಎರಡೂ ಅರ್ಥ ಬಂದದ್ದು ಹೇಗೆ?

ಉತ್ತರ: ಇವೆರಡರಲ್ಲಿ ‘ಇಲ್ಲ’ ಎಂಬುದೇ ಹಿರಿಯ ಅರ್ಥ. ‘ಬೇಕು’ ಹುಟ್ಟಿದ್ದು ಸುಮಾರು ಐನೂರು ವರ್ಷ ತಡವಾಗಿ.

ಈ ಪದ ಇಂಗ್ಲಿಷಿಗೆ ಬಂದದ್ದು ಇಂದಿನ ನಾರ್ವೆ, ಡೆನ್ಮಾರ್ಕ್ ಕಡೆಯ ಕಡಲಯಾನಿಗಳಾದ ವೈಕಿಂಗರಿಂದ. ಎಂಟನೇ ಶತಮಾನದ ಕೊನೆಯಿಂದ ಕಡಲು ದಾಟಿ ಬಂದ ಅವರು ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆನಿಂತರು. ಟೇಕ್, ಎಗ್, ವಿಂಡೋ ಇವೆಲ್ಲ ಅವರ ಹಳೆಯ ನಾರ್ಸ್ ನುಡಿಯ ಕೊಡುಗೆ. ಆ ನುಡಿಯಲ್ಲಿ ‘ವಂತ’ ಎಂದರೆ ಕೊರತೆಯಾಗು, ಸಾಲದಿರು. 1200ರ ಸುಮಾರಿಗೆ ಅದು ಇಂಗ್ಲಿಷ್ ಬರಹದಲ್ಲಿ ಅದೇ ಅರ್ಥದಲ್ಲಿ ಕಾಣಿಸಿಕೊಂಡಿತು. ಚಂದ್ರ ಕ್ಷೀಣಿಸುವುದನ್ನು ಹೇಳುವ ‘ವೇನ್’ ಕೂಡ ಇದರ ಬಳಗದ್ದೇ.

1611ರ ಇಂಗ್ಲಿಷ್ ಬೈಬಲಿನ 23ನೇ ಕೀರ್ತನೆ ನೋಡಿ. ದೇವರು ನನ್ನ ಕುರುಬ, ‘ಐ ಶಲ್ ನಾಟ್ ವಾಂಟ್’ ಎನ್ನುತ್ತದೆ. ಈಗಿನ ಇಂಗ್ಲಿಷ್ ಮಾತ್ರ ಬಲ್ಲವರಿಗೆ ‘ನನಗೆ ಬೇಡ’ ಎಂದಂತೆ ಕೇಳಿಸೀತು. ಕನ್ನಡ ಬೈಬಲಿನ ‘ಕೊರತೆಪಡೆನು’ ಎಂಬ ಒಂದೇ ಮಾತು ಸರಿಯಾದ ಅರ್ಥವನ್ನು ಎಷ್ಟು ಚೆನ್ನಾಗಿ ಹಿಡಿದಿದೆ!

ಇಲ್ಲದ್ದು ಬೇಕಾಗುವುದು ಸಹಜ ತಾನೆ? ಕೊರತೆಯಿಂದ ಅಗತ್ಯ, ಅಗತ್ಯದಿಂದ ಆಸೆ, ಹೀಗೆ ಪದ ಜರುಗುತ್ತ ಹೋಯಿತು. ಇಂಗ್ಲೆಂಡಿನಲ್ಲಿ ಈಗಲೂ ‘ನಿನ್ನ ಕೂದಲು ಕತ್ತರಿಸಬೇಕಾಗಿದೆ’ ಎನ್ನಲು ‘ಯುವರ್ ಹೇರ್ ವಾಂಟ್ಸ್ ಕಟಿಂಗ್’ ಎನ್ನುವವರಿದ್ದಾರೆ. ಕೂದಲಿಗೇನೂ ಆಸೆಯಿಲ್ಲ, ಇದು ನಡುವಿನ ಮೆಟ್ಟಿಲು. ‘ಆಸೆಪಡು’ ಎಂಬ ಅರ್ಥ ಗಟ್ಟಿಯಾದದ್ದು 18ನೇ ಶತಮಾನದಲ್ಲಿ.

ಅದಕ್ಕೂ ಮೊದಲು ಆಸೆಗೆ ಇದ್ದ ಪದ ‘ವಿಲ್’. ಅದು ಮೆಲ್ಲಗೆ ಭವಿಷ್ಯತ್ಕಾಲದ ಗುರುತಾಗಿ ಸವೆಯಿತು. ಆ ಜಾಗಕ್ಕೆ ‘ವಾಂಟ್’ ಬಂದು ಕೂತಿತು ಎನ್ನಬಹುದು. ‘ವಿಲ್’ ಪದದ ಹಳೆಯ ಅರ್ಥ ನಮ್ಮ ಮನೆಯ ಕಪಾಟಿನಲ್ಲೂ ಉಳಿದಿದೆ: ಅಜ್ಜ ಬರೆಸಿಟ್ಟ ಉಯಿಲು. ಅದೇ ಇಂಗ್ಲಿಷ್ ‘ವಿಲ್’, ಕೊನೆಯ ಇಚ್ಛೆ.

ನನಗೆ ಇನ್ನೂ ಹಿತವೆನಿಸುವ ಸಂಗತಿ ವ್ಯಾಕರಣದ್ದು. ಹಳೆಯ ನಾರ್ಸ್‌ನಿಂದಲೇ ಬೆಳೆದ ನುಡಿಯಾಡುವ ಐಸ್‌ಲ್ಯಾಂಡಿನವರು ಇಂದಿಗೂ ‘ಮಿಗ್ ವಂತರ್’ (ನನಗೆ ಕೊರತೆಯಾಗಿದೆ, ಬೇಕಾಗಿದೆ) ಎನ್ನುತ್ತಾರೆ. ಅಲ್ಲಿ ‘ನಾನು’ ಕರ್ತೃವಲ್ಲ. ಕೊರತೆ ನನ್ನ ಮೇಲೆ ಬಂದೆರಗುತ್ತದೆ. ನಾವು ‘ನನಗೆ ಸಾಲದು’, ‘ನನಗೆ ಬೇಕು’ ಎನ್ನುವಾಗ ಇರುವ ಭಾವವೂ ಹೆಚ್ಚುಕಡಿಮೆ ಅದೇ.

ನಮ್ಮ ‘ಬೇಕು’ ಮಾತ್ರ ಎದುರು ದಿಕ್ಕಿನಿಂದ ನಡೆದು ಬಂದಿದೆ. ಹಳಗನ್ನಡದ ‘ಬೇಳ್ಕುಂ’ ಅದರ ಮೂಲ. ಅದರ ಬೇರಿಗೆ ‘ಬಯಸು’ ಎಂಬ ಅರ್ಥ. ‘ಬೇಡು’ ಕೂಡ ಅಲ್ಲಿಯದೇ, ತಮಿಳಿನ ‘ವೇಂಡುಂ’ ಇದರ ಸೋದರ. ಬಯಕೆಯಿಂದ ಹೊರಟ ಪದ ‘ಹೋಗಬೇಕು’, ‘ಮಾಡಬೇಕು’ ಎಂಬ ಕಡ್ಡಾಯಕ್ಕೆ ಬಂದು ನಿಂತಿದೆ.

ಅನುವಾದ ಮಾಡುವವರು ಇಲ್ಲಿ ತುಂಬ ಎಚ್ಚರವಾಗಿರಬೇಕು. 1941ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ನಾಲ್ಕು ಸ್ವಾತಂತ್ರ್ಯಗಳನ್ನು ಹೆಸರಿಸಿದರು. ಅವುಗಳಲ್ಲೊಂದು ‘ಫ್ರೀಡಂ ಫ್ರಮ್ ವಾಂಟ್’. 1948ರ ಮಾನವ ಹಕ್ಕುಗಳ ಘೋಷಣೆಯ ಪೀಠಿಕೆಯಲ್ಲೂ ಆ ಮಾತಿದೆ. ಇದನ್ನು ‘ಆಸೆಯಿಂದ ಬಿಡುಗಡೆ’ ಎಂದು ಬರೆದರೆ ಬುದ್ಧನ ಮಾತಾಗುತ್ತದೆ, ಹಸಿದವನ ಹಕ್ಕು ಅಳಿಸಿಹೋಗುತ್ತದೆ. ಅದು ಬಡತನದಿಂದ, ಇಲ್ಲದಿರುವಿಕೆಯಿಂದ ಬಿಡುಗಡೆ.

ನಿಮ್ಮ ಕೋರ್ಟಿನ ಮಾತಿಗೆ ‘ಸಾಕ್ಷ್ಯದ ಕೊರತೆಯಿಂದ’ ಎಂಬುದು ಸರಿಯಾದ ಕನ್ನಡ. ಕಚೇರಿ ಪತ್ರಗಳಲ್ಲಿ ಬರುವ ‘ಫಾರ್ ವಾಂಟ್ ಆಫ್ ಟೈಮ್’ ಎಂಬುದಕ್ಕೆ ‘ಸಮಯದ ಅಭಾವದಿಂದ’ ಎನ್ನುವ ರೂಢಿಯಿದೆ. ನನ್ನನ್ನು ಕೇಳಿದರೆ ‘ಹೊತ್ತು ಸಾಲದೆ’ ಎನ್ನುತ್ತೇನೆ.